ಒಂದು ಸೂತ ಕಡಿಮೆ

ಬಳ್ಳಾರಿಯಲ್ಲಿ ನಲ್ಲಿ ನೀರು ದಿನವೂ ಬರುವುದಿಲ್ಲ. ಬಂದ ದಿನ ಓಣಿಗೆ ಓಣಿಯೇ ಡ್ರಮ್ಮು, ಬಿಂದಿಗೆ, ತೊಟ್ಟಿ ತುಂಬಿಸಿಕೊಳ್ಳುವ ಗಡಿಬಿಡಿಯಲ್ಲಿರುತ್ತದೆ. ಇಂಥ ಊರಿನಲ್ಲಿ ಕಪ್ಪಗಲ್ಲು ರಸ್ತೆಯ ಡಾಕ್ಟರ್ ನಂದಿನಿ ತಮ್ಮ ಹೊಸ ಮನೆಗೆ ಮನುಷ್ಯ ಕಾಲು ಚಾಚಿ ಮಲಗುವಷ್ಟು ದೊಡ್ಡ ಸ್ನಾನದ ಟಬ್ ತಂದಿದ್ದಾರೆ ಎಂದು ಕೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ತುಂಬಿಸಲು ಟ್ಯಾಂಕರ್ ತರಿಸುತ್ತಾರೋ ಏನೋ ಅಂದುಕೊಂಡೆ.

ನಾನು ಶಕೀಲ್. ಬೆಂಗಳೂರು ರಸ್ತೆಯಲ್ಲಿ ಟೈಲ್ಸ್ ಅಂಗಡಿ ಇಟ್ಟುಕೊಂಡು ಇಪ್ಪತ್ತೆರಡು ವರ್ಷವಾಯಿತು. ಈ ಊರಿನ ಯಾರ ಬಚ್ಚಲಲ್ಲಿ ಯಾವ ಬಣ್ಣದ ಕಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಆದರೆ ಅಂಥ ಟಬ್ಬನ್ನು ನಾನೂ ನೋಡಿರಲಿಲ್ಲ. ಗಣಿ ದುಡ್ಡು ಜೋರಾಗಿದ್ದ ಕಾಲದಲ್ಲಿ ಯಾರೋ ಕಟ್ಟಿಸಿದ್ದ ಬಂಗಲೆಯನ್ನು ಕೆಡವುವಾಗ ಡಾಕ್ಟರ್ ಕಣ್ಣಿಗೆ ಬಿದ್ದದ್ದಂತೆ. ಗೋಡಂಬಿ ಬೀಜದ ಆಕಾರ. ಒಂದು ತುದಿ ಅಗಲ, ಇನ್ನೊಂದು ತುದಿ ಕಿರಿದು, ನಡುವೆ ಸೊಂಟ ಒಳಕ್ಕೆ ಬಾಗಿದೆ. ಇಡೀ ಟಬ್ಬಿನಲ್ಲಿ ಹುಡುಕಿದರೂ ಒಂದು ಗೇಣು ನೇರ ಗೆರೆ ಸಿಗುವುದಿಲ್ಲ.

ಟಬ್ಬಿನ ಸುತ್ತ ಅದರ ಬಾಗಿಗೆ ತಕ್ಕಂತೆ ಇಟ್ಟಿಗೆಯ ಗಿಡ್ಡ ಗೋಡೆ ಕಟ್ಟಿ, ಅದಕ್ಕೆ ಎರಡೆರಡು ಅಂಗುಲ ಅಗಲದ ಟೈಲ್ಸ್ ಪಟ್ಟಿಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಬೇಕು. ಪಟ್ಟಿಯ ಬುಡ ನೆಲಕ್ಕೆ, ತಲೆ ಟಬ್ಬಿನ ಅಂಚಿನ ಕೆಳಕ್ಕೆ ಸರಿಯಾಗಿ ಸೇರಬೇಕು. ಬಚ್ಚಲ ನೆಲ ನೀರು ಹೋಗುವ ಕಡೆಗೆ ಇಳಿಜಾರಾಗಿರುವುದರಿಂದ ಒಂದು ಪಟ್ಟಿಯಷ್ಟೇ ಎತ್ತರ ಇನ್ನೊಂದು ಇರುವುದಿಲ್ಲ. ಪ್ರತಿಯೊಂದನ್ನೂ ಬೇರೆಯಾಗಿ ಅಳೆಯಬೇಕು, ಬೇರೆಯಾಗಿ ಕತ್ತರಿಸಬೇಕು. ಮೂರು ಜನ ಮೇಸ್ತ್ರಿಗಳು ಬಂದು, ನೋಡಿ, ಚಹಾ ಕುಡಿದು ಹೋದರು. ನಾಲ್ಕನೆಯವನೆಂದು ನಾನು ಚಿನ್ನಪ್ಪನ ಹೆಸರು ಹೇಳಿದೆ.

ಚಿನ್ನಪ್ಪ ಸಿರುಗುಪ್ಪ ತಾಲ್ಲೂಕಿನ ಕರೂರಿನವನು. ಅಪ್ಪ ಅಮ್ಮ ಗದ್ದೆ ಕೂಲಿಯವರು. ಇಪ್ಪತ್ತರ ಹೊತ್ತಿಗೆ ಬಳ್ಳಾರಿಗೆ ಬಂದು ಗಾರೆ ಕಲಸಿದ, ಇಟ್ಟಿಗೆ ಹೊತ್ತ, ಕೊನೆಗೆ ಟೈಲ್ಸ್ ಕೆಲಸಕ್ಕೆ ಬಿದ್ದ. ಕುರುಗೋಡಿನ ಹಂಪಕ್ಕನನ್ನು ಮದುವೆಯಾದ. ಮಕ್ಕಳಾಗಲಿಲ್ಲ. ಗಂಡ ಅಳೆದು ಟೈಲ್ಸ್ ಕೂರಿಸುತ್ತಿದ್ದ, ಹೆಂಡತಿ ಕತ್ತರಿಸುತ್ತಿದ್ದಳು. ಇಪ್ಪತ್ತಾರು ವರ್ಷ ಹಾಗೇ ನಡೆಯಿತು.

ಅವರ ಕೆಲಸ ನೋಡಲು ಮಜಾ ಇರುತ್ತಿತ್ತು. ಇವನು ಒಳಗೆ ಮಂಡಿಯೂರಿ ಕೂತು ಟೇಪು ಹಿಡಿದು ಕೂಗುವನು, "ಒಂಬತ್ತೂವರಿ, ಎರಡು ಸೂತ." ಸೂತ ಎಂದರೆ ಅಂಗುಲದ ಎಂಟನೇ ಒಂದು ಪಾಲು. ಹೊರಗೆ ಪಡಸಾಲೆಯಲ್ಲಿ ಮಷಿನ್ ಮುಂದೆ ಕೂತ ಹಂಪಕ್ಕ "ಹ್ಞೂಂ" ಅನ್ನುವಳು. ಮಷಿನ್ ಕಿರ್ರೆನ್ನುವುದು, ತುಂಡು ಒಳಗೆ ಹೋಗುವುದು, ಅಲ್ಲಿ ಕೂತುಬಿಡುವುದು. ಕೂತರೂ ಇವನ ಬಾಯಿ ಸುಮ್ಮನಿರುತ್ತಿರಲಿಲ್ಲ. "ನೋಡಿ ಹೊಡಿ, ಎಲ್ಲೆಲ್ಲೋ ನೋಡಬ್ಯಾಡ" ಎಂದು ಮನೆಯವರ ಮುಂದೆ, ಎಂಜಿನಿಯರ್ ಮುಂದೆ, ನನ್ನ ಮುಂದೆ ಗದರುವನು. ಅವಳು ಅದಕ್ಕೂ "ಹ್ಞೂಂ" ಅನ್ನುವಳು.

ಚಿನ್ನಪ್ಪನ ಕೈ ಎಂದರೆ ಕೈ ಎಂದು ಊರೆಲ್ಲ ಹೇಳುತ್ತಿತ್ತು. ನಾನೂ ಹೇಳುತ್ತಿದ್ದೆ. ಟೈಲ್ಸ್ ಅಂಟಿನ ಕಂಪನಿಯವರು ಒಮ್ಮೆ ಇಲ್ಲಿ ಮೇಸ್ತ್ರಿಗಳ ಊಟ ಇಟ್ಟುಕೊಂಡಾಗ ನನ್ನ ಶಿಫಾರಸಿನ ಮೇಲೆ ಅವನಿಗೆ ಶಾಲು ಹೊದಿಸಿ ಗೋಡೆ ಗಡಿಯಾರ ಕೊಟ್ಟರು. ಹಂಪಕ್ಕ ಹೋಟೆಲಿನ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು. ಊಟ ಮೇಸ್ತ್ರಿಗಳಿಗೆ ಮಾತ್ರ ಎಂದು ಬಾಗಿಲಲ್ಲಿ ಹೇಳಿದ್ದರು. ಅದು ಆಗ ನನಗೆ ತಪ್ಪೆಂದು ಅನಿಸಲಿಲ್ಲ.

ಅವಳಿಗೆ ಕೆಮ್ಮು ಶುರುವಾಗಿ ಎರಡು ವರ್ಷದಲ್ಲಿ ತೀರಿಕೊಂಡಳು. ಕಲ್ಲಿನ ದೂಳು ಎದೆಯಲ್ಲಿ ಕೂತಿದೆ ಎಂದು ದವಾಖಾನೆಯಲ್ಲಿ ಹೇಳಿದರು.

ಆಮೇಲೆ ಚಿನ್ನಪ್ಪ ಒಬ್ಬನೇ ಕೆಲಸ ಹಿಡಿಯಲಿಲ್ಲ. ಸಿರುಗುಪ್ಪದ ಕಡೆ ದೊಡ್ಡ ಗ್ಯಾಂಗೊಂದು ಕಲ್ಯಾಣ ಮಂಟಪ, ರೈಸ್ ಮಿಲ್ಲಿನ ಆಫೀಸು ಎಂದು ನೆಲ ಹಾಸುತ್ತ ತಿರುಗುತ್ತಿತ್ತು, ಅದರಲ್ಲಿ ಸೇರಿಕೊಂಡ. ಅಲ್ಲಿ ಅಳೆಯುವವನು ಬೇರೆ, ಕತ್ತರಿಸುವವನು ಬೇರೆ. ಇವನದು ಕೊಟ್ಟ ಕಲ್ಲನ್ನು ಅಂಟು ಬಳಿದು ಮಟ್ಟಕ್ಕೆ ಕೂರಿಸುವುದಷ್ಟೇ. ವಾರಕ್ಕೊಮ್ಮೆ ಕೌಲ್‌ಬಜಾರಿನ ತನ್ನ ಒಂದು ಕೋಣೆಗೆ ಬರುತ್ತಿದ್ದ. ಬಂದವನು ಮನೆಯಲ್ಲಿ ಕೂರಲಾರದೆ ನನ್ನ ಅಂಗಡಿಗೆ ಬಂದು ಮೂಲೆಯ ಸ್ಟೂಲಿನ ಮೇಲೆ ಕೂರುವನು. ಮಾತಿಲ್ಲ, ಕತೆಯಿಲ್ಲ. ಗಿರಾಕಿಗಳು ಬಂದು ಹೋಗುವುದನ್ನು ನೋಡುತ್ತ, ಷಟರ್ ಎಳೆಯುವ ಹೊತ್ತಿಗೆ ಎದ್ದು ಹೋಗುವನು. ಅವನು ಬಂದರೆ ನನಗೆ ಒಳಗೊಳಗೇ ಬೇಸರವಾಗುತ್ತಿತ್ತು, ಸುಳ್ಳೇಕೆ ಹೇಳಲಿ. ದುಃಖದ ಮನುಷ್ಯನನ್ನು ವಾರವಾರವೂ ನೋಡುವುದು ಸುಲಭವಲ್ಲ.

ಟಬ್ಬಿನ ವಿಷಯ ಹೇಳಿದಾಗ ಮಾತ್ರ ಅವನ ಮುಖ ಬೇರೆಯಾಯಿತು.

"ನಾ ಮಾಡ್ತೀನಿ ಶಕೀಲ್ ಭಾಯ್" ಅಂದ.

"ಒಬ್ನೇ ಆಗ್ತತೇನು? ಕಟಿಂಗಿಗೆ ಯಾರನ್ನಾದ್ರೂ ಹಚ್ಚಿಕೋ."

"ನನ್ನ ಕೆಲಸ ನಾ ಮಾಡ್ತೀನಿ. ಇದೊಂದು ಮಾಡಿದ್ನೆಂದ್ರ ನಾ ಇನ್ನಾ ಮೇಸ್ತ್ರಿ ಅದೀನಿ ಅಂತ ಆಗ್ತತಿ. ಇಲ್ಲಾಂದ್ರ ಗ್ಯಾಂಗಿನ್ಯಾಗ ನೆಲ ಸವರಿಕೋತ ಸಾಯ್ತೀನಿ."

ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಚಿನ್ನಪ್ಪ ಮೇಸ್ತ್ರಿ ಎಂಬ ಹೆಸರು. ಹೆಂಡತಿ ಹೋದಮೇಲೆ ಅವನ ಪಾಲಿಗೆ ಉಳಿದದ್ದೂ ಅದೊಂದೇ. ಡಾಕ್ಟರ ಮನೆ ಕಟ್ಟಿಸುತ್ತಿದ್ದ ಎಂಜಿನಿಯರ್ ವಿಜಯಕುಮಾರರಿಗೆ ನಾನೇ ಮಾತು ಕೊಟ್ಟೆ. ಈ ಟಬ್ ಸರಿಯಾಗಿ ಬಂದರೆ ಮುಂದಿನ ಮನೆಯ ಬಚ್ಚಲುಗಳೆಲ್ಲ ಚಿನ್ನಪ್ಪನಿಗೇ ಎಂದು ಅವರೂ ಹೇಳಿದರು. ಟೈಲ್ಸ್ ನವಿಲು ಹಸಿರು, ನನ್ನ ಅಂಗಡಿಯದೇ. ಒಂದು ಮಾತು ಮೊದಲೇ ಎಚ್ಚರಿಸಿದ್ದೆ. ಆ ಬಣ್ಣದ ಲಾಟು ಮುಗಿದಿದೆ, ಇರುವುದು ಆರೇ ಡಬ್ಬ. ಇನ್ನೊಂದು ಲಾಟು ತರಿಸಿದರೆ ಬಣ್ಣ ಒಂದು ಛಾಯೆ ಬೇರೆಯಾಗುತ್ತದೆ, ಕಣ್ಣಿಗೆ ಹೊಡೆಯುತ್ತದೆ.

ಸೋಮವಾರ ಕೆಲಸ ಶುರುವಾಯಿತು. ಮಂಗಳವಾರ ಮಧ್ಯಾಹ್ನ ಅವನು ಅಂಗಡಿಗೆ ಬಂದು ಹೊಸ ಬ್ಲೇಡು ಒಯ್ದ. ಬುಧವಾರ ಬಂದು, ಆ ಬ್ಲೇಡು ಕೆಟ್ಟದ್ದು, ಓರೆ ಹೊಡೆಯುತ್ತದೆ ಎಂದು ಕೌಂಟರಿನ ಮೇಲಿಟ್ಟ. ಬೇರೆ ಕೊಟ್ಟೆ. ಗುರುವಾರ ಅದನ್ನೂ ತಂದ. ನನಗೆ ತಲೆ ಕೆಟ್ಟಿತು. "ಎರಡೆರಡು ಬ್ಲೇಡು ಕೆಟ್ಟಿರಾಕ ಅವೇನು ಸಂತಿ ಬದ್ನಿಕಾಯೇನಪ್ಪ" ಎಂದು ಸ್ಕೂಟರ್ ತೆಗೆದು ಅವನನ್ನೇ ಹಿಂದೆ ಕೂರಿಸಿಕೊಂಡು ಕೆಲಸದ ಮನೆಗೆ ಹೋದೆ.

ಬಚ್ಚಲ ಬಾಗಿಲಲ್ಲಿ ನಿಂತು ನೋಡಿದೆ. ನಾಲ್ಕು ದಿನಕ್ಕೆ ಗೋಡೆಯ ಮೇಲೆ ಒಂದೇ ಒಂದು ಪಟ್ಟಿ ನಿಂತಿರಲಿಲ್ಲ. ಮೂಲೆಯಲ್ಲಿ ನವಿಲು ಹಸಿರಿನ ಚೂರುಗಳ ಗುಡ್ಡೆ. ಒಂದೂವರೆ ಡಬ್ಬ ಹಾಳಾಗಿತ್ತು.

"ಮಾಡಿ ತೋರಿಸು" ಅಂದೆ.

ಅವನು ಮಂಡಿಯೂರಿದ. ಟೇಪು ನಿಲ್ಲಿಸಿದ. ಕತ್ತು ವಾರೆ ಮಾಡಿ ನೋಡಿ, ಗಟ್ಟಿಯಾಗಿ ಕೂಗಿದ, "ಹದಿನೇಳು, ಮೂರು ಸೂತ." ಖಾಲಿ ಮನೆಯಲ್ಲಿ ದನಿ ತಿರುಗಿ ಬಂತು. ಒಂದು ಗಳಿಗೆ ಹಾಗೇ ಕೂತಿದ್ದ. ಹೊರಗಿನಿಂದ "ಹ್ಞೂಂ" ಬರಲೆಂದು ಕಾಯುತ್ತಿದ್ದಾನೆ ಎಂದು ನನಗೆ ಆಮೇಲೆ ಹೊಳೆಯಿತು. ಬಳಿಕ ಮೊಣಕಾಲು ಹಿಡಿದುಕೊಂಡು ಎದ್ದು, ಪಡಸಾಲೆಗೆ ಹೋಗಿ, ಕಲ್ಲಿಗೆ ಸ್ಟೀಲ್ ಸ್ಕೇಲು ಒತ್ತಿಟ್ಟು ಗೆರೆ ಎಳೆದು, ಹದಿನೇಳು ಅಂಗುಲ ಮೂರು ಸೂತಕ್ಕೆ ಸರಿಯಾಗಿ ಕತ್ತರಿಸಿ ತಂದ. ಗೆರೆ ಸರಿಯಿತ್ತು, ಕತ್ತರಿಸಿದ್ದೂ ಸರಿಯಿತ್ತು, ನಾನೇ ನೋಡಿದೆ. ಪಟ್ಟಿ ಟಬ್ಬಿನ ಅಂಚಿಗೆ ಬಡಿದು ನಿಂತಿತು. ಒಳಗೆ ಹೋಗಲಿಲ್ಲ. ತಲೆ ಒಂದು ಸೂತ ಹೆಚ್ಚಾಗಿತ್ತು. ಅಷ್ಟು ಸಣ್ಣ ಎಳೆ ತೆಗೆಯಲು ಮತ್ತೆ ಮಷಿನ್ನಿಗೆ ಕೊಟ್ಟರೆ ಮೇಲಿನ ಹೊಳಪು ಚಕ್ಕೆ ಏಳುತ್ತದೆ. ಎದ್ದಿತು. ಆ ಚೂರೂ ಗುಡ್ಡೆಗೆ ಹೋಯಿತು.

"ಟಬ್ಬೇ ಸುಮಾರೈತಿ. ನೆಲ ಕುಂತೈತಿ" ಅಂದ. ಕೈಯ ದೂಳನ್ನು ಅಂಗಿಗೆ ಒರೆಸಿಕೊಂಡ. "ಕಟಿಂಗ್ ನನಗ ಬರವಲ್ದು ಶಕೀಲ್ ಭಾಯ್. ಕುರುಗೋಡಿಗೆ ಹೋಗಿ ಸುಂಕಲಮ್ಮನ್ನ ಕರಕೊಂಡು ಬರೋಣು. ಅಕ್ಕನ ಜೋಡಿ ಐದಾರು ವರ್ಷ ಇದ್ದಾಕಿ, ಮಷಿನ್ ಹಿಡಿಯಾಕ ಬರ್ತತಿ."

ಸುಂಕಲಮ್ಮ ಹಂಪಕ್ಕನ ತಂಗಿ. ಮರುದಿನ ಬೆಳಿಗ್ಗೆ ಇಬ್ಬರೂ ಹೋದೆವು. ಕುರುಗೋಡಿನ ಗುಡ್ಡದ ಬದಿಯ ಓಣಿಯಲ್ಲಿ ಅವಳ ಮನೆ. ಬಾವ ಬಂದನೆಂದು ಚಾಪೆ ಹಾಸಿದಳು, ಒಗ್ಗರಣೆ ಮಂಡಕ್ಕಿ ಕೊಟ್ಟಳು, ಮುಖ ಮಾತ್ರ ಗಂಟು ಹಾಕಿಕೊಂಡೇ ಇದ್ದಳು. ಚಿನ್ನಪ್ಪ ಬಂದ ಕಾರಣ ಹೇಳಿದ. ನಾಲ್ಕು ದಿನದ ಕತೆಯನ್ನೂ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು.

"ಬಾವ, ನೀ ಕೂಗಿದ ಅಳತಿಗೇ ಹೊಡದೇನು?"

"ಮತ್ಯಾರ ಅಳತಿಗೆ ಹೊಡೀಲಿ?"

"ಅದಕ್ಕ ಕೂಡವಲ್ದು. ನಿನ್ನ ಅಳತಿ ಯಾವತ್ತೂ ಒಂದ್ ಸೂತ ಹೆಚ್ಚಿರ್ತತಿ. ಅಕ್ಕ ಅದನ್ನ ಕಳದು ಹೊಡೀತಿದ್ಲು."

ಚಿನ್ನಪ್ಪ ತಟ್ಟೆ ಕೆಳಗಿಟ್ಟ. "ಏನಂದಿ?"

"ನಿನ್ನ ಎಡಗಣ್ಣಿಗೆ ಸುಣ್ಣ ಬಿದ್ದಿತ್ತಲ್ಲ, ಲಗ್ನಕ್ಕಿಂತ ಮುಂಚೆ. ಅವತ್ತಿಂದ ನೀ ಕತ್ತು ತಿರುವಿ ಒಂದೇ ಕಣ್ಲೆ ಟೇಪು ನೋಡ್ತಿ. ವಾರೆ ನೋಡಿದ್ರ ಟೇಪಿನ ಗೆರಿ ಸರದಂಗ ಕಾಣ್ತತಿ, ಕಲ್ಲಿಗೆ ಒತ್ತಿಟ್ಟ ಸ್ಕೇಲಿಗೆ ಹಂಗಾಗಂಗಿಲ್ಲ. ಮೊದಲ ವರ್ಷಾನ ಅಕ್ಕಗ ಗೊತ್ತಾತು. ನೀ ಉಣ್ಣಾಕ ಹೋದಾಗ ತಾನಾ ಟೇಪು ಹಿಡದು ನೋಡಿದ್ಲಂತ."

"ಸುಳ್ಳು ಹೇಳಬ್ಯಾಡ ಸುಂಕಲಮ್ಮ. ಇಪ್ಪತ್ತಾರು ವರ್ಷ ನನ್ನ ಕೆಲಸ ಒಂದ್ ಕೂದಲೆಳಿ ತಪ್ಪಿಲ್ಲ."

ಅವಳು ಮಾತು ಬೆಳೆಸಲಿಲ್ಲ. ಒಳಗಿನಿಂದ ಒಂದು ಕುಳಿತುಕೊಳ್ಳುವ ಮಣೆ ತಂದು ಅವನ ಮುಂದಿಟ್ಟಳು. ಅಳಿ ಅಂದಳು. ಅವನು ಸೊಂಟದ ಟೇಪು ತೆಗೆದು ಅಳೆದ. ಇಪ್ಪತ್ತೆರಡು, ನಾಲ್ಕು ಸೂತ. ಟೇಪನ್ನು ನನ್ನ ಕೈಗೆ ಕೊಡಿಸಿದಳು. ನಾನು ಬಗ್ಗಿ, ನೇರ ಮೇಲಿನಿಂದ ನೋಡಿದೆ. ಇಪ್ಪತ್ತೆರಡು, ಮೂರು ಸೂತ. ಇನ್ನೊಮ್ಮೆ ಟೇಪು ಹಿಡಿದು ನೋಡಿದೆ. "ಹೇಳ್ರಿ" ಎಂದಳು ಸುಂಕಲಮ್ಮ. ಹೇಳಿದೆ. ಚಿನ್ನಪ್ಪ ಟೇಪು ಕಿತ್ತುಕೊಂಡು ಹೊಸ್ತಿಲು ಅಳೆದ, ಒನಕೆ ಅಳೆದ. ಪ್ರತಿಸಲವೂ ನಾನು ಅಳೆದದ್ದು ಒಂದು ಸೂತ ಕಡಿಮೆಯೇ ಬಂತು.

"ನನಗ್ಯಾಕ ಹೇಳ್ಲಿಲ್ಲ ಆಕಿ?" ಎಂದು ಕೇಳಿದ.

"ನಾನೂ ಕೇಳಿದ್ದೆ ಬಾವ. ನಿನ್ನ ಗಂಡ ಮಂದಿ ಮುಂದ ಅಷ್ಟು ಬೈತಾನ, ಒಂದಿನ ಮುಖಕ್ಕ ಹೊಡದಂಗ ಹೇಳಿಬಿಡು ಅಂದಿದ್ದೆ. ಕಣ್ಣು ಸರಿಯಿಲ್ಲ ಅಂತ ಹೊರಗ ಗೊತ್ತಾದ್ರ ಇವನ್ಗ ಮೇಸ್ತ್ರಿ ಅಂತ ಯಾರು ಕರೀತಾರ, ಬೈದ್ರ ಬೈಲಿ ಬಿಡು ಅಂದ್ಲು. ಯಾರ ಮುಂದಾನೂ ಹೇಳಬ್ಯಾಡ ಅಂತ ನನ್ನ ಕಡಿಂದ ಆಣಿ ಹಾಕಿಸಿಕೊಂಡ್ಲು. ಇವತ್ತು ನಾ ಆಣಿ ಮುರದೆ."

ಅವಳು ಅಳುತ್ತಿದ್ದಳು. ನಾನು ಬರ್ತೀನಿ, ಕಟಿಂಗ್ ಮಾಡಿಕೊಡ್ತೀನಿ ಎಂದೂ ಅಂದಳು. ಚಿನ್ನಪ್ಪ ಬೇಡವೆಂದು ತಲೆಯಾಡಿಸಿ ಎದ್ದ.

ವಾಪಸು ಬರುವಾಗ ಕಾಲುವೆಯ ಸೇತುವೆ ಹತ್ತಿರ ಸ್ಕೂಟರ್ ನಿಲ್ಲಿಸಲು ಹೇಳಿದ. ಇಳಿದು, ಆಚೆ ಮುಖ ಮಾಡಿ ಬಹಳ ಹೊತ್ತು ನಿಂತ. ನಾನು ಹತ್ತಿರ ಹೋಗಲಿಲ್ಲ. ಸ್ಕೂಟರ್ ಹಿಡಿದು ನಿಂತಿದ್ದ ನನಗೆ ಹಂಪಕ್ಕನ ಮುಖ ನೆನಪು ಮಾಡಿಕೊಳ್ಳಬೇಕೆನಿಸಿತು. ಆಗಲಿಲ್ಲ. ಹತ್ತೊಂಬತ್ತು ವರ್ಷ ನನ್ನ ಅಂಗಡಿಗೆ ಬಂದು ಹೋದ ಹೆಂಗಸು. ದೂಳಿಗೆಂದು ಸೆರಗನ್ನು ಮೂಗಿನ ಮೇಲೆ ಬಿಗಿದು ಕಟ್ಟಿಕೊಂಡೇ ಬರುತ್ತಿದ್ದಳು. ಆ ಸೆರಗಿನ ಹಿಂದೆ ಯಾರಿದ್ದಾರೆ ಎಂದು ನಾನು ಒಂದು ದಿನವೂ ನೋಡಿರಲಿಲ್ಲ. ಚಿನ್ನಪ್ಪನ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ನನ್ನ ಮೇಲೆ ಬಂತು.

ಶನಿವಾರದಿಂದ ಅವನು ಮತ್ತೆ ಟಬ್ಬಿನ ಮುಂದೆ ಕೂತ. ಅವನಿಗೆ ಅಡ್ಡ ಬರಬಾರದೆಂದು ನಾನು ದಿನಕ್ಕೊಮ್ಮೆ ಮಾತ್ರ ಹೋಗಿ ಬಾಗಿಲಲ್ಲಿ ನಿಂತು ಬರುತ್ತಿದ್ದೆ. ಮಂಡಿಯೂರಿ ಅಳೆಯುವನು, ಕೂಗುವನು, ಎದ್ದು ಹೊರಗೆ ಹೋಗಿ ತಾನು ಕೂಗಿದ್ದರಲ್ಲಿ ಒಂದು ಸೂತ ಕಳೆದು ಗೆರೆ ಎಳೆಯುವನು. ಮೊದಲ ಪಟ್ಟಿ ಟಬ್ಬಿನ ಅಂಚಿನ ಕೆಳಗೆ ತಣ್ಣಗೆ ಸೇರಿಕೊಂಡಿತಂತೆ.

"ಕುಂತ ಕೂಡ್ಲೆ ಖುಷಿ ಆಗಬೇಕಿತ್ತಲ್ಲ ಭಾಯ್" ಎಂದು ಅವನೇ ಹೇಳಿದ. "ಎದಿ ಒಡದಂಗಾತು."

ಒಂದೊಂದು ಪಟ್ಟಿ ಸರಿಯಾಗಿ ಕೂತಾಗಲೂ ಸುಂಕಲಮ್ಮ ಹೇಳಿದ್ದು ಮತ್ತೊಮ್ಮೆ ನಿಜವಾಗುತ್ತಿತ್ತು. ನೂರಾ ಹನ್ನೆರಡು ಪಟ್ಟಿಗಳಿದ್ದವು. ಗೋಡಂಬಿಯ ಸೊಂಟ ಒಳಕ್ಕೆ ಬಾಗುವಲ್ಲಿ ಪಟ್ಟಿಗಳ ಅಂಚನ್ನೂ ಹಿಂದಿನಿಂದ ಉಜ್ಜಿ ಇಳಿಜಾರು ಮಾಡಬೇಕಿತ್ತು. ಅದನ್ನೂ ಅವಳು ಕಲ್ಲಿನ ಮೇಲೆ ಉಜ್ಜುತ್ತಿದ್ದ ರೀತಿಯನ್ನು ನೆನೆಸಿಕೊಂಡು ಮಾಡಿದ. ಮಧ್ಯಾಹ್ನ ಅಲ್ಲೇ ಗೋಡೆಗೊರಗಿ ಕೂತು ಕಟ್ಟಿಕೊಂಡು ಬಂದ ರೊಟ್ಟಿ ತಿನ್ನುವನು. ಒಂದು ದಿನ ನಾನು ಹೋದಾಗ ರೊಟ್ಟಿ ಕೈಯಲ್ಲೇ ಹಿಡಿದು, ತಿನ್ನದೆ, ಪಡಸಾಲೆಯ ಮಷಿನ್ ಕಡೆ ನೋಡುತ್ತ ಕೂತಿದ್ದ. ನನ್ನನ್ನು ನೋಡಿ ತಿನ್ನಲು ಶುರುಮಾಡಿದ.

ಹತ್ತನೇ ದಿನಕ್ಕೆ ಕೆಲಸ ಮುಗಿಯಿತು. ನಿಜ ಹೇಳಬೇಕೆಂದರೆ, ಅಂಥ ಕೆಲಸ ನಾನು ನೋಡಿಲ್ಲ. ಟಬ್ಬು ಅಗಲವಾದಲ್ಲಿ ಹಸಿರೂ ಅಗಲವಾಗಿ, ಸೊಂಟದಲ್ಲಿ ಒಳಸರಿದು, ತುದಿಗೆ ಸುತ್ತಿ ಬಂದಿತ್ತು. ಎಲ್ಲೂ ಒಂದು ಸಂದು ಹೆಚ್ಚಿಲ್ಲ, ಕಡಿಮೆಯಿಲ್ಲ. ಉಳಿದದ್ದು ಎರಡೇ ಟೈಲ್ಸ್.

ನೋಡಲು ಡಾಕ್ಟರ್ ನಂದಿನಿ ಬಂದರು. ಎಂಜಿನಿಯರ್ ವಿಜಯಕುಮಾರ್ ಬಂದರು. ಮುಂದಿನ ಮನೆ ಕಟ್ಟಿಸುವ ಡಾಕ್ಟರ್ ಯಶೋಧರಾ ಅವರನ್ನೂ ಕರೆತಂದಿದ್ದರು. ಚಿನ್ನಪ್ಪ ಒಗೆದ ಅಂಗಿ ಹಾಕಿಕೊಂಡು ಬಾಗಿಲ ಬದಿಗೆ ನಿಂತಿದ್ದ. ನಂದಿನಿ ಬಗ್ಗಿ ಪಟ್ಟಿಗಳ ಮೇಲೆ ಅಂಗೈ ಆಡಿಸಿದರು.

"ಏನ್ ಕೈ ರೀ ನಿಮ್ದು" ಅಂದರು. "ಇಷ್ಟು ಸೊಟ್ಟ ಟಬ್ಬಿಗೆ ಇಷ್ಟು ಸರಿಯಾಗಿ ಹೆಂಗ ಅಳತಿ ತೊಗೊಂಡ್ರಿ?"

ವಿಜಯಕುಮಾರ್ ನಕ್ಕರು. "ನಾ ಹೇಳಿದ್ನಲ್ಲ ಮೇಡಂ, ಚಿನ್ನಪ್ಪಂದು ಅಂದ್ರ ಕಣ್ಣಳತಿ. ಯಶೋಧರಾ ಮೇಡಂ ಮನಿದೂ ಇವನ್ಗೇ."

ನಾನು ಚಿನ್ನಪ್ಪನ ಕಡೆ ನೋಡಿದೆ. ಅವನಿಗೆ ಬೇಕಾಗಿದ್ದದ್ದು ಅವನ ಮುಂದೆ ಬಂದು ನಿಂತಿತ್ತು. ಹ್ಞೂಂ ಅಂದರೆ ಸಾಕಿತ್ತು. ಒಂದು ಸೂತ ಕಳೆಯುವುದು ಈಗ ಅವನಿಗೇ ಬರುತ್ತದೆ. ಉಳಿದ ಆಯುಷ್ಯವೆಲ್ಲ ಹೀಗೇ ಮಾಡಿಕೊಂಡು ಹೋದರೆ ಕೇಳುವವರು ಯಾರು? ಗೊತ್ತಿದ್ದವರು ನಾನೂ ಸುಂಕಲಮ್ಮನೂ.

"ನನ್ನ ಕಣ್ಣು ಸರಿಯಿಲ್ರಿ" ಅಂದ ಚಿನ್ನಪ್ಪ.

ಎಲ್ಲರೂ ತಿರುಗಿ ನೋಡಿದರು.

"ಎಡಗಣ್ಣಿಗೆ ಸುಣ್ಣ ಬಿದ್ದೈತ್ರಿ. ನಾ ಅಳದ್ರ ಯಾವತ್ತೂ ಒಂದ್ ಸೂತ ತಪ್ಪು ಬರ್ತತಿ. ಇಪ್ಪತ್ತಾರು ವರ್ಷ ತಪ್ಪೇ ಅಳದೀನಿ. ನನ್ನ ಮನಿಯಾಕಿ ಹಂಪಕ್ಕ ಅಂತ, ಆಕಿ ಅದನ್ನ ಸರಿ ಮಾಡಿ ಕಟಿಂಗ್ ಮಾಡ್ತಿದ್ಲು. ಊರಾಗ ನನ್ನವು ಅಂತ ಏನೇನು ಕೆಲಸ ನೋಡೀರಿ, ಅವೆಲ್ಲ ಆಕೀವು. ಇದನ್ನೂ ಆಕಿ ಲೆಕ್ಕದ ಮ್ಯಾಲೇ ಮಾಡೀನ್ರಿ."

ನಂದಿನಿಯವರ ಮುಖ ಅರಳಿತು. "ಹೌದಾ? ಅವರನ್ನೂ ಕರಕೊಂಡು ಬರಬೇಕಿತ್ತಲ್ಲ. ಎಲ್ಲದಾರ ಹಂಪಕ್ಕ?"

"ತೀರಿಕೊಂಡು ಹದಿನಾಲ್ಕು ತಿಂಗಳಾತ್ರಿ."

ಯಶೋಧರಾ ಅವರು ಎಂಜಿನಿಯರ್ ಮುಖ ನೋಡಿದರು. ವಿಜಯಕುಮಾರ್ ಫೋನ್ ನೋಡುವವರಂತೆ ತಲೆ ತಗ್ಗಿಸಿದರು. ಯಶೋಧರಾ ಅವರ ಮನೆಯ ಬಚ್ಚಲುಗಳು ಚಿನ್ನಪ್ಪನಿಗೆ ಬರುವುದಿಲ್ಲವೆಂದು ನನಗೆ ಅಲ್ಲೇ ಗೊತ್ತಾಯಿತು. ಬರಲೂ ಇಲ್ಲ. ಕಣ್ಣು ಸರಿಯಿಲ್ಲವೆಂದು ತಾನೇ ಹೇಳಿಕೊಂಡ ಮೇಸ್ತ್ರಿಗೆ ಯಾರು ಕೆಲಸ ಕೊಡುತ್ತಾರೆ? ವಾರದೊಳಗೆ ಮಾತು ಊರೆಲ್ಲ ಹಬ್ಬಿ, ಚಿನ್ನಪ್ಪನ ಕೈ ಎನ್ನುತ್ತಿದ್ದವರೇ ಅವನ ಕಣ್ಣಿನ ವಿಷಯ ನನ್ನ ಕೌಂಟರಿಗೆ ಬಂದು ಹೇಳಿಹೋದರು.

ಅವತ್ತು ಗೇಟಿನ ಹೊರಗೆ ಬರುತ್ತಿದ್ದಂತೆ ನಾನು ಅವನ ಮೇಲೆ ಹರಿಹಾಯ್ದೆ.

"ತಲಿ ಕೆಟ್ಟೈತೇನು ನಿನಗ? ಆಕಿ ಇಪ್ಪತ್ತಾರು ವರ್ಷ ಮುಚ್ಚಿಟ್ಟಿದ್ದನ್ನ ನೀ ಒಂದ್ ಗಳಿಗ್ಯಾಗ ಬೀದಿಗೆ ತಂದ್ಯಲ್ಲ. ಯಾವ ಹೆಸರಿಗಂತ ಇಷ್ಟು ಒದ್ದಾಡಿದಿ?"

ಚಿನ್ನಪ್ಪ ಮಷಿನ್ನಿನ ಚೀಲವನ್ನು ಹೆಗಲಿಗೆ ಏರಿಸಿಕೊಂಡ. ಸಿರುಗುಪ್ಪದ ಬಸ್ಸಿಗೆ ಹೊತ್ತಾಗಿತ್ತು. ಗ್ಯಾಂಗಿನವರು ಹಚ್ಚೊಳ್ಳಿಯಲ್ಲಿ ಕೆಲಸ ಹಿಡಿದಿದ್ದರು.

"ಆಕಿ ಎಷ್ಟು ಮನಿಯಾಗ ಕೆಲಸ ಮಾಡಿದ್ಲೋ ನನಗ ಲೆಕ್ಕಿಲ್ಲ ಭಾಯ್" ಅಂದ. "ಒಂದ್ ಮನಿಯವ್ರಿಗೂ ಆಕಿ ಹೆಸರು ಗೊತ್ತಿರಲಿಲ್ಲ. ಇವತ್ತು ಆ ಡಾಕ್ಟರಮ್ಮ ಎಲ್ಲದಾರ ಹಂಪಕ್ಕ ಅಂತ ಕೇಳಿದ್ರಲ್ಲ, ಕೇಳಿಸಿಕೊಂಡ್ರೇನು?"